ಕೂಡೋದಾ, ಕಳೆಯೋದಾ?

ಪ್ರಾಥಮಿಕ ಶಾಲೆಯ ಗಣಿತದಲ್ಲಿ ಅಂಕಿಗಳ ಬದಲು ವಾಕ್ಯಗಳಲ್ಲಿ ಬರುವ ಲೆಕ್ಕವನ್ನು ಹೇಳಿಕೆ ಲೆಕ್ಕ ಅಥವಾ ವಾಕ್ಯರೂಪದ ಲೆಕ್ಕ ಎನ್ನುತ್ತಾರೆ. 45ರಿಂದ 18ನ್ನು ಕಳೆಯಿರಿ ಎಂದರೆ ಅದು ಬರಿಯ ಲೆಕ್ಕ; 45 ತೆಂಗಿನಕಾಯಿಗಳಲ್ಲಿ 18 ಮಾರಾಟವಾದರೆ ಉಳಿದವೆಷ್ಟು ಎಂದರೆ ಹೇಳಿಕೆ ಲೆಕ್ಕ. ಎರಡಕ್ಕೂ ಉತ್ತರ 27 ಆದರೂ, ಮೊದಲನೆಯದರಲ್ಲಿ ಏನು ಮಾಡಬೇಕೆಂಬುದನ್ನು ಲೆಕ್ಕವೇ ಹೇಳಿಬಿಡುತ್ತದೆ, ಎರಡನೆಯದರಲ್ಲಿ ಅದನ್ನು ಮಗುವೇ ನಿರ್ಧರಿಸಬೇಕಾಗುತ್ತದೆ. ಮಗ್ಗಿಯನ್ನು ತಡವರಿಸದೆ ಒಪ್ಪಿಸುವ, ದಶಕ ಸಹಿತ ವ್ಯವಕಲನವನ್ನು, ಅಂದರೆ ಹತ್ತರ ಸ್ಥಾನದಿಂದ ಒಂದನ್ನು ಬಿಡಿಸಿ ತಂದು ಕಳೆಯುವ ಕ್ರಮವನ್ನು ತಪ್ಪಿಲ್ಲದೆ ಮಾಡುವ ಮಗುವೂ ಹೇಳಿಕೆ ಲೆಕ್ಕ ಎದುರಾದ ಕೂಡಲೇ ತಲೆಯೆತ್ತಿ, 'ಮಿಸ್, ಇದು ಕೂಡೋದಾ, ಕಳೆಯೋದಾ?' ಎಂದು ಕೇಳುವುದು ಯಾವ ಶಿಕ್ಷಕರಿಗೂ ಹೊಸದಲ್ಲ.

ಈ ಪ್ರಶ್ನೆಗೆ ಮಗುವಿನ ದಡ್ಡತನ ಕಾರಣವಲ್ಲ, ಪಾಠದ ಜೋಡಣೆಯೇ ಕಾರಣ. ಸಾಮಾನ್ಯವಾಗಿ ಸಂಕಲನದ ಪಾಠದಲ್ಲಿ ಮೊದಲು ಕ್ರಮವನ್ನು ತೋರಿಸಿ, ಅನಂತರ ಅಭ್ಯಾಸದ ಲೆಕ್ಕಗಳನ್ನು ಕೊಟ್ಟು, ಕೊನೆಯಲ್ಲಿ ಕೆಲವು ಹೇಳಿಕೆ ಲೆಕ್ಕಗಳನ್ನು ಸೇರಿಸಲಾಗುತ್ತದೆ. ಪಾಠದ ಹೆಸರೇ ಸಂಕಲನ ಎಂದಿರುವಾಗ ವಾಕ್ಯವನ್ನು ಓದುವ ಅಗತ್ಯ ಮಗುವಿಗೆ ಬೀಳುವುದಿಲ್ಲ. ಅದರಲ್ಲಿರುವ ಎರಡು ಅಂಕಿಗಳನ್ನು ಹೆಕ್ಕಿ ಕೂಡಿದರೆ ಉತ್ತರ ಸರಿಯಾಗಿಯೇ ಬರುತ್ತದೆ. ಹೀಗೆ ಓದದೆಯೇ ಗೆದ್ದ ಮಗು, ವರ್ಷದ ಕೊನೆಯ ಪರೀಕ್ಷೆಯಲ್ಲಿ ನಾಲ್ಕೂ ಕ್ರಿಯೆಗಳ ಲೆಕ್ಕಗಳು ಬೆರೆತು ಬಂದಾಗ ದಾರಿ ಕಾಣದೆ ನಿಲ್ಲುತ್ತದೆ. ಆದ್ದರಿಂದ ಹೇಳಿಕೆ ಲೆಕ್ಕವನ್ನು ಪಾಠದ ತುದಿಯಿಂದ ಎತ್ತಿ ಮೊದಲಿಗೆ ತರುವುದು, ಸಂದರ್ಭದಿಂದಲೇ ಕ್ರಿಯೆಯನ್ನು ಹುಟ್ಟಿಸುವುದು, ಎಳೆಯರ ಗಣಿತ ಬೋಧನೆಯಲ್ಲಿ ಆಗಬೇಕಾದ ಮುಖ್ಯ ಬದಲಾವಣೆ. ಇದನ್ನು ಪರಿಶೀಲಿಸಲು ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಿಗಿಂತ ತಕ್ಕ ನೆಲ ಸಿಗುವುದು ಕಷ್ಟ. ರಾಜ್ಯದ ಕಿರಿಯ ತರಗತಿಗಳ ಕಲಿಕೆಯ ರೂಪವನ್ನೇ ಬದಲಿಸಿದ ಪ್ರಯೋಗ ಮೊದಲಾದದ್ದು ಅಲ್ಲಿ.

ಕೋಟೆಯಿಂದ ಹೊರಟ ನಲಿ-ಕಲಿ

1995ರಲ್ಲಿ, ಕೋಟೆ ಎಂದೇ ಕರೆಯಲಾಗುವ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಗಳಲ್ಲಿ ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಆರಂಭವಾಯಿತು. ಮದನಪಲ್ಲಿ ಸಮೀಪದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಲ್ಲಿ ನಡೆಯುತ್ತಿದ್ದ ಕಲಿಕಾ ಕ್ರಮವನ್ನು ನೋಡಿ ಬಂದ ಇಲ್ಲಿನ ಶಿಕ್ಷಕರು, ಪಠ್ಯಪುಸ್ತಕವನ್ನು ಸಣ್ಣ ಸಣ್ಣ ಕಲಿಕಾಂಶಗಳಾಗಿ ಒಡೆದು, ಒಂದೊಂದಕ್ಕೂ ಚಿತ್ರವಿರುವ ಕಾರ್ಡುಗಳನ್ನು ತಯಾರಿಸಿದರು. ಈ ಕಲಿಕಾಂಶಗಳ ಗುಂಪಿಗೆ ಮೈಲಿಗಲ್ಲು ಎಂದೂ, ಅವು ಒಂದರ ಮೇಲೊಂದು ಏರುವ ಕ್ರಮಕ್ಕೆ ಕಲಿಕಾ ಏಣಿ ಎಂದೂ ಹೆಸರಾಯಿತು. ಮಕ್ಕಳು ಬೆಂಚಿನ ಸಾಲು ಬಿಟ್ಟು ನೆಲದ ಮೇಲೆ ದುಂಡಗೆ ಕುಳಿತರು. ಶಿಕ್ಷಕರ ಪೂರ್ಣ ನೆರವು ಬೇಕಾದವರು ಒಂದು ಗುಂಪು, ಸಹಪಾಠಿಗಳ ನೆರವಿನಿಂದ ಕಲಿಯುವವರು ಇನ್ನೊಂದು, ತಾವೇ ಕಲಿಯಬಲ್ಲವರು ಮತ್ತೊಂದು, ಹೀಗೆ ವಿಂಗಡಣೆಯಾಯಿತು. ಕೈಗೆಟಕುವ ಎತ್ತರದಲ್ಲಿ ಗೋಡೆಗೆ ಕಪ್ಪುಹಲಗೆ ಬಂತು, ಮಕ್ಕಳು ಮಾಡಿದ ಕೆಲಸವನ್ನು ತೂಗುಹಾಕಲು ತಲೆಯ ಮೇಲೆ ಕಲಿಕಾ ಚಪ್ಪರ ಬಂತು. ಕೋಟೆಯಲ್ಲಿ ರೂಪುಗೊಂಡ ಈ ಕ್ರಮವು 2009–10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಿತು.

ಗಣಿತದ ಮಟ್ಟಿಗೆ ನಲಿ-ಕಲಿ ಮಾಡಿದ ದೊಡ್ಡ ಉಪಕಾರವೆಂದರೆ, ಸಂಖ್ಯೆಯನ್ನು ಬಾಯಿಪಾಠದಿಂದ ಬಿಡಿಸಿ ಕೈಗೆ ಕೊಟ್ಟದ್ದು. ಹುಣಸೆಬೀಜ, ಬೆಣಚುಕಲ್ಲು, ಕಡ್ಡಿಯ ಕಟ್ಟುಗಳ ಮೂಲಕ ಬಿಡಿ-ಹತ್ತುಗಳ ಪರಿಚಯವಾಗುವ ಕಾರಣ ಮಗುವಿಗೆ ಹತ್ತರ ಸ್ಥಾನವೆಂದರೆ ಬರಿಯ ಬರವಣಿಗೆಯ ರೂಢಿ ಎನಿಸುವುದಿಲ್ಲ. ಆದರೆ ಮಗುವೊಂದು ತನ್ನಷ್ಟಕ್ಕೆ ಕಾರ್ಡು ಹಿಡಿದು ಮುಂದೆ ಸಾಗುವ ವ್ಯವಸ್ಥೆಯಲ್ಲಿ ಒಂದು ತೊಡಕೂ ಇದೆ. ಹೇಳಿಕೆ ಲೆಕ್ಕವನ್ನು ಓದಿ ತಿಳಿಯುವಷ್ಟು ಅಕ್ಷರಜ್ಞಾನ ಬರುವವರೆಗೆ ಕಾರ್ಡಿನಲ್ಲಿ ಅದಕ್ಕೆ ಹೆಚ್ಚು ಜಾಗವಿರದು. ಅಕ್ಷರಜ್ಞಾನ ಬರುವ ಹೊತ್ತಿಗೆ ಕೂಡುವ, ಕಳೆಯುವ ಕ್ರಮಗಳು ಸಂದರ್ಭವಿಲ್ಲದೆಯೇ ಗಟ್ಟಿಯಾಗಿರುತ್ತವೆ. ಇದಕ್ಕೆ ಪರಿಹಾರ ನಲಿ-ಕಲಿಯ ಒಳಗೇ ಇದೆ. ಶಿಕ್ಷಕರ ನೆರವಿನ ಗುಂಪಿನಲ್ಲಿ ಹೇಳಿಕೆ ಲೆಕ್ಕವನ್ನು ಓದಿಸುವ ಬದಲು ಕತೆಯಾಗಿ ಹೇಳಬಹುದು, ಆಡಿ ತೋರಿಸಬಹುದು; ಒಂದನೆಯ ತರಗತಿಯ ಮಗುವೂ ಕಿವಿಯಿಂದ ಕೇಳಿದ ಲೆಕ್ಕವನ್ನು ಬೀಜಗಳಿಂದ ಬಿಡಿಸಬಲ್ಲದು.

ಒಂದೇ ಕಳೆಯುವಿಕೆ, ಹಲವು ಸಂದರ್ಭ

ದೊಡ್ಡವರಿಗೆ 12–8 ಒಂದೇ ಲೆಕ್ಕ. ಮಗುವಿಗೆ ಹಾಗಲ್ಲ ಎಂಬುದನ್ನು 1980ರ ದಶಕದಲ್ಲಿ ಅಮೆರಿಕದ ಥಾಮಸ್ ಕಾರ್ಪೆಂಟರ್ ಮೊದಲಾದ ಸಂಶೋಧಕರು ವಿವರವಾಗಿ ತೋರಿಸಿದರು. ಅವರ ವರ್ಗೀಕರಣದ ಸಾರವನ್ನು ಮೂರು ಬಗೆಯಾಗಿ ಹೇಳಬಹುದು. ಇದ್ದುದಕ್ಕೆ ಸೇರುವ ಅಥವಾ ಇದ್ದುದರಿಂದ ಹೋಗುವ ಸಂದರ್ಭ ಬದಲಾವಣೆಯದು. ಎರಡು ಭಾಗಗಳು ಕೂಡಿ ಒಂದು ಇಡಿಯಾಗುವ ಸಂದರ್ಭ ಭಾಗ-ಪೂರ್ಣದ್ದು. ಎರಡು ರಾಶಿಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಸಂದರ್ಭ ಹೋಲಿಕೆಯದು. ಬುಟ್ಟಿಯಲ್ಲಿದ್ದ 12 ಬಾಳೆಹಣ್ಣುಗಳಲ್ಲಿ 8 ಖರ್ಚಾದರೆ ಅಲ್ಲಿ ಒಂದು ಘಟನೆ ನಡೆಯುತ್ತದೆ. ತರಗತಿಯ 12 ಮಕ್ಕಳಲ್ಲಿ 8 ಮಂದಿ ಹಾಜರಿದ್ದರೆ ಗೈರಾದವರೆಷ್ಟು ಎಂಬಲ್ಲಿ ಯಾರೂ ಯಾರಿಗೂ ಏನನ್ನೂ ಕೊಡುವುದಿಲ್ಲ. ಗೌರಿಯ ಬಳಿ 12, ಮಾದನ ಬಳಿ 8 ಹುಣಸೆಬೀಜಗಳಿದ್ದರೆ ಮಾದನಿಗಿಂತ ಗೌರಿಯ ಬಳಿ ಎಷ್ಟು ಹೆಚ್ಚು ಎಂಬಲ್ಲಿ ಒಂದು ಬೀಜವೂ ಕದಲುವುದಿಲ್ಲ. ಕಳೆಯುವುದೆಂದರೆ ತೆಗೆದುಹಾಕುವುದು ಎಂದಷ್ಟೇ ಕಲಿತ ಮಗು ಮೊದಲನೆಯದನ್ನು ಮಾಡಿ, ಎರಡನೆಯದರಲ್ಲಿ ತಡವರಿಸಿ, ಮೂರನೆಯದಕ್ಕೆ 'ಹನ್ನೆರಡು' ಎಂದುಬಿಡುತ್ತದೆ. ಗೌರಿಯ ಬಳಿ ಹೆಚ್ಚಿರುವುದು ಕಾಣುತ್ತಿದೆ, ಅವಳ ಬಳಿ ಇರುವುದು ಹನ್ನೆರಡು, ಆದ್ದರಿಂದ ಹನ್ನೆರಡು ಹೆಚ್ಚು ಎಂಬುದು ಮಗುವಿನ ತರ್ಕ.

ಈ ಕಷ್ಟ ಸಂಖ್ಯೆಯದೋ ಮಾತಿನದೋ ಎಂಬುದನ್ನು 1983ರಲ್ಲಿ ಪ್ರಕಟವಾದ ಟಾಮ್ ಹಡ್ಸನ್ ಅವರ ಅಧ್ಯಯನವು ಪರೀಕ್ಷಿಸಿತು. ಹಕ್ಕಿಗಳೂ ಹುಳುಗಳೂ ಇರುವ ಚಿತ್ರವನ್ನು ತೋರಿಸಿ, ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚಿವೆ ಎಂದು ಕೇಳಿದಾಗ ಒಂದನೆಯ ತರಗತಿಯ ಮಕ್ಕಳಲ್ಲಿ ಶೇಕಡ 64ರಷ್ಟು ಮಂದಿ ಮಾತ್ರ ಸರಿಯಾಗಿ ಉತ್ತರಿಸಿದರು. ಹಕ್ಕಿಗಳೆಲ್ಲ ಒಂದೊಂದು ಹುಳುವಿಗೆ ಹಾರಿದರೆ ಹುಳು ಸಿಗದ ಹಕ್ಕಿಗಳೆಷ್ಟು ಎಂದು ಕೇಳಿದಾಗ ಎಲ್ಲರ ಉತ್ತರವೂ ಸರಿಯಾಗಿತ್ತು. ಚಿತ್ರ ಅದೇ, ಸಂಖ್ಯೆಗಳೂ ಅವೇ, ಬದಲಾದದ್ದು ಪ್ರಶ್ನೆಯ ರೂಪ ಮಾತ್ರ. ಗೌರಿ ಮತ್ತು ಮಾದನ ಬೀಜಗಳನ್ನು ಎರಡು ಸಾಲಾಗಿ ಎದುರುಬದುರು ಇಡಿಸಿ, ಜೊತೆ ಸಿಗದೆ ಉಳಿದವೆಷ್ಟು ಎಂದು ಮೊದಲು ಕೇಳಿ, 'ಅಷ್ಟೇ ಹೆಚ್ಚು' ಎಂಬ ಮಾತನ್ನು ಅನಂತರ ಅದಕ್ಕೆ ಜೋಡಿಸಿದರೆ, ಹೋಲಿಕೆಯ ವಾಕ್ಯವು ಮಗುವಿನ ಕಣ್ಣೆದುರೇ ಅರ್ಥ ಪಡೆಯುತ್ತದೆ.

ಸಂದರ್ಭದ ಬಗೆಯ ಜೊತೆಗೆ, ತಿಳಿಯದ ಸಂಖ್ಯೆ ಎಲ್ಲಿದೆ ಎಂಬುದೂ ಲೆಕ್ಕದ ಕಷ್ಟವನ್ನು ನಿರ್ಧರಿಸುತ್ತದೆ. ತಿಳಿಯದ್ದು ಕೊನೆಯಲ್ಲಿದ್ದರೆ ಕತೆ ನಡೆದಂತೆಯೇ ಲೆಕ್ಕವೂ ನಡೆಯುತ್ತದೆ. ಅದು ಮೊದಲಿದ್ದರೆ ಕತೆಯನ್ನು ಹಿಂದಕ್ಕೆ ನಡೆಸಬೇಕಾಗುತ್ತದೆ. ಕಿರಿಯ ತರಗತಿಗಳ ಲೆಕ್ಕಗಳು ಬಹುಮಟ್ಟಿಗೆ ಮೊದಲ ಬಗೆಯವೇ ಆಗಿರುವುದರಿಂದ, ಎರಡನೆಯ ಬಗೆ ಎದುರಾದಾಗ ಮಗುವಿನ ಬಳಿ ಅದಕ್ಕೆ ತಕ್ಕ ಅನುಭವವೇ ಇರುವುದಿಲ್ಲ.

ಸುಳಿವು ಪದಗಳ ಹಾದಿ

ಪರೀಕ್ಷೆಯ ಒತ್ತಡದಲ್ಲಿ ಶಾಲೆಗಳು ಈ ಕಷ್ಟಕ್ಕೆ ಕಂಡುಕೊಂಡ ಉಪಾಯ ಸುಳಿವು ಪದಗಳದು: 'ಒಟ್ಟು' ಎಂದಿದ್ದರೆ ಕೂಡು, 'ಉಳಿದ' ಎಂದಿದ್ದರೆ ಕಳೆ, 'ತಲಾ' ಎಂದಿದ್ದರೆ ಗುಣಿಸು, 'ಹಂಚಿದರೆ' ಎಂದಿದ್ದರೆ ಭಾಗಿಸು. ಗೋಡೆಯ ಮೇಲೆ ಪಟ್ಟಿಯಾಗಿ ಅಂಟಿಸಲು ಇದು ಅನುಕೂಲ, ಆದರೆ ಒಂದೇ ವಾಕ್ಯ ಇದನ್ನು ಕೆಡವಬಲ್ಲದು. 'ರಂಗಪ್ಪನು ತನ್ನಲ್ಲಿದ್ದ ತೆಂಗಿನಕಾಯಿಗಳಲ್ಲಿ 18ನ್ನು ಮಾರಿದ ನಂತರ ಅವನಲ್ಲಿ 27 ತೆಂಗಿನಕಾಯಿಗಳು ಉಳಿದರೆ, ಮೊದಲು ಅವನಲ್ಲಿದ್ದ ತೆಂಗಿನಕಾಯಿಗಳೆಷ್ಟು?' ಇಲ್ಲಿ ಮಾರಿದ್ದೂ ಇದೆ, ಉಳಿದದ್ದೂ ಇದೆ. ಸುಳಿವನ್ನು ನಂಬಿದ ಮಗು 27ರಿಂದ 18 ಕಳೆದು 9 ಎಂದು ಬರೆಯುತ್ತದೆ. ಮಾರಿದ ಮೇಲೆಯೇ 27 ಉಳಿದಿರುವಾಗ ಮೊದಲು 9 ಇರಲು ಹೇಗೆ ಸಾಧ್ಯ ಎಂಬ ಪ್ರಶ್ನೆ ಅದಕ್ಕೆ ಹೊಳೆಯದು, ಏಕೆಂದರೆ ಸುಳಿವು ಪದ ಕಂಡ ಕ್ಷಣವೇ ಅದು ರಂಗಪ್ಪನನ್ನೂ ತೆಂಗಿನಕಾಯಿಯನ್ನೂ ಮರೆತಿರುತ್ತದೆ.

ಇಂಥ ಮರೆವು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸುಮಾರು 1980ರಲ್ಲಿ ನಡೆದ ಪ್ರಯೋಗವೊಂದು ಪ್ರಸಿದ್ಧ ನಿದರ್ಶನ. ಹಡಗಿನಲ್ಲಿ 26 ಕುರಿ ಮತ್ತು 10 ಮೇಕೆಗಳಿವೆ, ಹಾಗಾದರೆ ಕಪ್ತಾನನ ವಯಸ್ಸೆಷ್ಟು ಎಂದು ಕೇಳಿದಾಗ, 97 ಮಕ್ಕಳಲ್ಲಿ 76 ಮಂದಿ ಅಂಕಿಗಳನ್ನು ಹೇಗೋ ಜೋಡಿಸಿ ಉತ್ತರ ಕೊಟ್ಟಿದ್ದರು. ಮನೆಯಲ್ಲಿ ಅದೇ ಪ್ರಶ್ನೆ ಕೇಳಿದ್ದರೆ ಆ ಮಕ್ಕಳು ನಕ್ಕುಬಿಡುತ್ತಿದ್ದರೇನೋ. ಶಾಲೆಯ ಲೆಕ್ಕಕ್ಕೆ ಉತ್ತರ ಇದ್ದೇ ಇರುತ್ತದೆ, ಕೊಟ್ಟ ಅಂಕಿಗಳನ್ನೆಲ್ಲ ಬಳಸಲೇಬೇಕು ಎಂಬ ಅಲಿಖಿತ ನಿಯಮವನ್ನು ಅವರು ಕಲಿತಿದ್ದರು. ಆದ್ದರಿಂದ ಬೇಡದ ಅಂಕಿಯಿರುವ, ಬೇಕಾದ ಅಂಕಿಯಿಲ್ಲದ ಲೆಕ್ಕಗಳನ್ನೂ ಆಗಾಗ ಕೊಟ್ಟು, 'ಇದನ್ನು ಮಾಡಲು ಬರುವುದಿಲ್ಲ, ಇಂಥದು ತಿಳಿಯಬೇಕು' ಎಂಬುದೂ ಸರಿಯುತ್ತರವೇ ಎಂದು ಮಕ್ಕಳಿಗೆ ಮನದಟ್ಟು ಮಾಡಿಸುವುದು ಅಗತ್ಯ.

ವಾಕ್ಯದ ಭಾರ

ರಂಗಪ್ಪನ ಲೆಕ್ಕದಲ್ಲಿ ಭಾಷೆಯ ತೊಡಕೂ ಸೇರಿದೆ. ಬರಹದ ಕನ್ನಡವು 'ತನ್ನಲ್ಲಿದ್ದ', 'ಮಾರಿದ ನಂತರ', 'ಉಳಿದರೆ' ಎಂಬಂಥ ರೂಪಗಳಿಂದ ಮೂರು ಘಟನೆಗಳನ್ನು ಒಂದೇ ವಾಕ್ಯಕ್ಕೆ ಹೆಣೆಯಬಲ್ಲದು. ಪ್ರೌಢ ಓದುಗನಿಗೆ ಅದು ಬಿಗಿ, ಏಳು ವರ್ಷದ ಓದುಗನಿಗೆ ಗಂಟು. ಅದೇ ಲೆಕ್ಕವನ್ನು ಬಿಡಿಸಿ ಹೀಗೆ ಹೇಳಬಹುದು: 'ರಂಗಪ್ಪನ ಮನೆಯಲ್ಲಿ ತೆಂಗಿನಕಾಯಿ ಇದ್ದವು. ಎಷ್ಟಿದ್ದವೋ ಅವನು ಎಣಿಸಿರಲಿಲ್ಲ. ಸಂತೆಗೆ 18 ಕಾಯಿ ಒಯ್ದು ಮಾರಿದ. ಮನೆಗೆ ಬಂದು ನೋಡಿದರೆ ಇನ್ನೂ 27 ಇದ್ದವು. ಸಂತೆಗೆ ಹೊರಡುವ ಮುಂಚೆ ಎಷ್ಟಿದ್ದವು?' ಸಂಖ್ಯೆಗಳು ಕಡಿಮೆಯಾಗಿಲ್ಲ, ಕಷ್ಟವೂ ಮಾಯವಾಗಿಲ್ಲ, ಆದರೆ ಉಳಿದಿರುವ ಕಷ್ಟ ಗಣಿತದ್ದು ಮಾತ್ರ. ಮುಚ್ಚಿದ ಡಬ್ಬಿಯಿಂದ ಐದು ಬೀಜ ಹೊರತೆಗೆದು, ಆಮೇಲೆ ಮುಚ್ಚಳ ಬಿಚ್ಚಿ ಒಳಗೆ ಏಳು ತೋರಿಸಿ, ಮೊದಲು ಎಷ್ಟಿದ್ದಿರಬೇಕು ಎಂದು ಕೇಳಿದರೆ, ಹೊರಗಿರುವುದನ್ನು ಮತ್ತೆ ಒಳಗೆ ಹಾಕಿ ಎಣಿಸುವ ಬುದ್ಧಿ ಮಗುವಿಗೆ ತಾನಾಗಿ ಬರುತ್ತದೆ. ಕಳೆಯುವ ಮುಂಚೆ ಇದ್ದುದನ್ನು ತಿಳಿಯಲು ಕೂಡಬೇಕಾಗುತ್ತದೆ ಎಂಬ ಪಾಠ ಅಲ್ಲಿ ಸೂತ್ರವಿಲ್ಲದೆ ಮುಗಿಯುತ್ತದೆ.

ಮೈಸೂರು ಜಿಲ್ಲೆಯ ಈ ಪಶ್ಚಿಮದ ತಾಲ್ಲೂಕುಗಳಲ್ಲಿ ವಾಕ್ಯದ ಭಾರ ಎಲ್ಲ ಮಕ್ಕಳ ಮೇಲೂ ಒಂದೇ ಸಮನಾಗಿ ಬೀಳುವುದಿಲ್ಲ. ನಾಗರಹೊಳೆ ಕಾಡಿನ ಅಂಚಿನಲ್ಲಿ, ಹುಣಸೂರು ಮತ್ತು ಕೋಟೆಯ ಹಾಡಿಗಳಲ್ಲಿ, ಅಂದರೆ ಬುಡಕಟ್ಟು ಜನರ ವಸತಿಗಳಲ್ಲಿ, ಜೇನುಕುರುಬ, ಕಾಡುಕುರುಬ, ಯರವ ಸಮುದಾಯಗಳ ಮಕ್ಕಳಿದ್ದಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ನೆಲೆಸಿರುವ ಟಿಬೆಟನ್ನರ ಮಕ್ಕಳಿದ್ದಾರೆ. ಜೇನುಕುರುಬರ ಮನೆಮಾತು ಕನ್ನಡಕ್ಕೆ ಹತ್ತಿರವಿದ್ದರೂ ಪುಸ್ತಕದ ಕನ್ನಡ ಅದಲ್ಲ. ಯರವರ ನುಡಿ ಇನ್ನೂ ದೂರ. ಇಂಥ ಮಗು ಹೇಳಿಕೆ ಲೆಕ್ಕದಲ್ಲಿ ಸೋತಾಗ ಅದನ್ನು ಗಣಿತದ ಸೋಲೆಂದು ದಾಖಲಿಸುವ ಮುನ್ನ, ಲೆಕ್ಕವನ್ನು ಅದರ ಮಾತಿನಲ್ಲೇ ಮರಳಿ ಹೇಳಿಸಿ ನೋಡಬೇಕು. ಹಾಡಿಯ ಹಿರಿಯ ಮಕ್ಕಳು ಕಿರಿಯರಿಗೆ ಲೆಕ್ಕದ ಕತೆಯನ್ನು ಮನೆಮಾತಿನಲ್ಲಿ ಬಿಡಿಸಿ ಹೇಳಲು ನಲಿ-ಕಲಿಯ ಸಹಪಾಠಿ ಗುಂಪು ತಕ್ಕ ಅವಕಾಶ. ಕತೆಯನ್ನು ಮರಳಿ ಹೇಳಬಲ್ಲ ಮಗು ಅರ್ಧ ಲೆಕ್ಕವನ್ನು ಆಗಲೇ ಮುಗಿಸಿರುತ್ತದೆ.

ಊರಿನ ಲೆಕ್ಕ, ಶಾಲೆಯ ಲೆಕ್ಕ

ಇಲ್ಲಿನ ಮನೆಗಳಲ್ಲಿ ಲೆಕ್ಕಕ್ಕೆ ಬರವಿಲ್ಲ. ಕೃಷ್ಣರಾಜನಗರದ ಕಾವೇರಿ ನಾಲೆಯ ಬಯಲಿನಲ್ಲಿ ಭತ್ತದ ಮೂಟೆಗಳ ಎಣಿಕೆ, ಹುಣಸೂರು ಮತ್ತು ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪಿನ ಬೇಲುಗಳ ತೂಕ ಮತ್ತು ಹರಾಜು ಮಾರುಕಟ್ಟೆಯಲ್ಲಿ ಕಿಲೋಗೆ ಕೂಗಿದ ದರ, ಕೋಟೆಯಲ್ಲಿ ಹತ್ತಿ, ಎಲ್ಲೆಡೆ ಡೇರಿಗೆ ಹಾಕಿದ ಹಾಲಿನ ಲೀಟರು, ಎಕರೆಗೆ 40 ಗುಂಟೆಯಂತೆ ಜಮೀನಿನ ಪಾಲು, ಇವೆಲ್ಲ ಮಕ್ಕಳ ಕಿವಿಗೆ ದಿನವೂ ಬೀಳುತ್ತವೆ. ಆದರೆ ಊರಿನ ಲೆಕ್ಕ ತಾನಾಗಿಯೇ ಶಾಲೆಯ ಲೆಕ್ಕವಾಗುತ್ತದೆ ಎಂದು ಭಾವಿಸುವುದು ತಪ್ಪು. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುತ್ತಿದ್ದ ಐವರು ಮಕ್ಕಳನ್ನು ಕುರಿತು 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇಕಡ 98ರಷ್ಟು ಸರಿಯಾಗಿದ್ದವು. ಅವೇ ಲೆಕ್ಕಗಳನ್ನು ಹೇಳಿಕೆ ರೂಪದಲ್ಲಿ ಕೇಳಿದಾಗ ಸುಮಾರು 74, ಬರಿಯ ಅಂಕಿಗಳಲ್ಲಿ ಕೊಟ್ಟಾಗ ಸುಮಾರು 37ರಷ್ಟು ಮಾತ್ರ. 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಕೋಲ್ಕತ್ತ ಮತ್ತು ದೆಹಲಿಯ ಅಧ್ಯಯನವು ಈ ಕಂದಕ ಎರಡೂ ಕಡೆಯಿಂದ ಇದೆಯೆಂದು ತೋರಿಸಿತು: ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳು ಬಾಯಲ್ಲೇ ತೊಡಕಿನ ಲೆಕ್ಕ ಮಾಡಿದರೂ ಶಾಲೆಯ ಲೆಕ್ಕದಲ್ಲಿ ಸೋತರು, ಶಾಲೆಗಷ್ಟೇ ಹೋಗುವ ಮಕ್ಕಳು ಪುಸ್ತಕದ ಲೆಕ್ಕ ಮಾಡಿದರೂ ಮಾರುಕಟ್ಟೆಯ ಲೆಕ್ಕದಲ್ಲಿ ಹಿಂದೆ ಬಿದ್ದರು.

ರೆಸಿಫೆಯ ಅಂಕಿಗಳಲ್ಲಿ ಒಂದು ಮುಖ್ಯ ಸಂಗತಿ ಅಡಗಿದೆ. ಹೇಳಿಕೆ ಲೆಕ್ಕವು ಆ ಮಕ್ಕಳಿಗೆ ಬರಿಯ ಅಂಕಿಗಳ ಲೆಕ್ಕಕ್ಕಿಂತ ಸುಲಭವಾಗಿತ್ತು. ಎಂದರೆ ಅದು ಕಂದಕದ ಆಚೆ ದಡದಲ್ಲಿಲ್ಲ, ಎರಡು ದಡಗಳ ನಡುವೆ ಇದೆ; ಬದುಕಿನಿಂದ ಬರಹದ ಗಣಿತಕ್ಕೆ ಮಗುವನ್ನು ದಾಟಿಸಲು ಅದೇ ಸರಿಯಾದ ಜಾಗ. ಇದಕ್ಕೆ ಸಾಮಗ್ರಿ ಶಾಲೆಯೊಳಗೇ ಇದೆ. ಬಿಸಿಯೂಟದಲ್ಲಿ ಕಿರಿಯ ಪ್ರಾಥಮಿಕ ಹಂತದ ಮಗುವೊಂದಕ್ಕೆ 100 ಗ್ರಾಂ ಧಾನ್ಯದ ಅಳತೆಯಿದೆ. ಶಾಲಾ ಮಕ್ಕಳಿಗೆ ಹಾಲು ಕೊಡಲು 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ 18 ಗ್ರಾಂ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲಾಗುತ್ತದೆ. ದಾಖಲಾತಿ 34, ಇಂದು ಬಂದವರು 27 ಎಂದು ಹಲಗೆಯ ಮೇಲೆ ಬರೆದ ಕೂಡಲೇ ಗೈರಾದವರೆಷ್ಟು, ಅಕ್ಕಿ ಎಷ್ಟು ಅಳೆಯಬೇಕು, ಹಾಲಿನ ಪುಡಿ ಎಷ್ಟು ಬೇಕು ಎಂಬ ಮೂರು ಲೆಕ್ಕಗಳು ಹುಟ್ಟುತ್ತವೆ. ಉತ್ತರ ಸರಿಯೋ ತಪ್ಪೋ ಎಂಬುದನ್ನು ಅಡುಗೆಮನೆಯ ತಕ್ಕಡಿಯೇ ಹೇಳುತ್ತದೆ.

ವ್ಯವಹಾರದಿಂದ ಲೆಕ್ಕವನ್ನು ಎತ್ತಿಕೊಳ್ಳುವ ಪದ್ಧತಿ ಕನ್ನಡನಾಡಿಗೆ ಹೊಸದೂ ಅಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ವು ಹಣ್ಣು, ಹೂವು, ಧಾನ್ಯ, ಚಿನ್ನ, ಬಡ್ಡಿಗಳ ಉದಾಹರಣೆಗಳಿಂದ ತುಂಬಿದೆ. 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲೇ ಗಣಿತ ಬರೆದಾಗ ತನ್ನ ಗ್ರಂಥಕ್ಕೆ 'ವ್ಯವಹಾರಗಣಿತ' ಎಂದೇ ಹೆಸರಿಟ್ಟನು.

ತರಗತಿಯಲ್ಲಿ ಆಗಬೇಕಾದದ್ದು

ಹಂಗೇರಿ ಮೂಲದ ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಸಮಸ್ಯೆ ಬಿಡಿಸಲು ನಾಲ್ಕು ಹಂತಗಳನ್ನು ಹೇಳಿದನು: ಸಮಸ್ಯೆಯನ್ನು ಅರಿಯುವುದು, ಉಪಾಯ ಹೂಡುವುದು, ಅದನ್ನು ನಡೆಸುವುದು, ಹಿಂತಿರುಗಿ ನೋಡುವುದು. ನಮ್ಮ ತರಗತಿಗಳಲ್ಲಿ ಮೂರನೆಯದಕ್ಕೆ ಸಿಗುವ ಸಮಯ ಉಳಿದ ಮೂರಕ್ಕೆ ಸಿಗುವುದಿಲ್ಲ. ಅರಿಯುವ ಹಂತದಲ್ಲಿ ಅಂಕಿಗಳನ್ನೇ ತೆಗೆದು ಕತೆ ಹೇಳುವುದು ಒಳ್ಳೆಯ ಕ್ರಮ. 'ಬುಟ್ಟಿಯಲ್ಲಿ ಕೆಲವು ಮಾವು ಇದ್ದವು, ಅಜ್ಜಿ ಇನ್ನಷ್ಟು ತಂದಳು' ಎಂದಾಗ ಹೆಕ್ಕಲು ಅಂಕಿಯಿಲ್ಲದ ಕಾರಣ ಮಗು ಕತೆಯನ್ನೇ ಕೇಳಬೇಕಾಗುತ್ತದೆ. ಅನಂತರ ವಸ್ತು, ಆಮೇಲೆ ಚಿತ್ರ, ಕೊನೆಗೆ ಚಿಹ್ನೆ. ಅಕ್ಷರ ಫೌಂಡೇಶನ್ ರೂಪಿಸಿದ, ಸರ್ಕಾರಿ ಶಾಲೆಗಳಿಗೆ ತಲುಪಿದ 'ಗಣಿತ ಕಲಿಕಾ ಆಂದೋಲನ'ದ ಪೆಟ್ಟಿಗೆಯಲ್ಲಿರುವ ಮಣಿ, ಆಟದ ನೋಟು, ಹತ್ತರ ಕಟ್ಟುಗಳೂ ಇದೇ ಕ್ರಮವನ್ನು ಅನುಸರಿಸುತ್ತವೆ. ನಡುವಿನ ಚಿತ್ರದ ಹಂತವನ್ನು ಬಿಡಬಾರದು. ತೆಂಗಿನಕಾಯಿಯನ್ನು ಕಾಯಿಯಂತೆಯೇ ಬಿಡಿಸುತ್ತಿದ್ದ ಮಗು ಕ್ರಮೇಣ ಬರಿಯ ಸೊನ್ನೆಯನ್ನೂ, ಆಮೇಲೆ ಒಂದು ಉದ್ದನೆಯ ಪಟ್ಟಿಯನ್ನೂ ಎಳೆಯತೊಡಗಿದರೆ ಅಲ್ಲಿ ಅಮೂರ್ತ ಚಿಂತನೆ ಹುಟ್ಟುತ್ತಿದೆ ಎಂದರ್ಥ.

ಹಿಂತಿರುಗಿ ನೋಡುವ ಹಂತದ ಬೆಲೆ ಭಾಗಾಕಾರದಲ್ಲಿ ಚೆನ್ನಾಗಿ ತಿಳಿಯುತ್ತದೆ. 27ನ್ನು 6ರಿಂದ ಭಾಗಿಸಿದರೆ ಭಾಗಲಬ್ಧ 4, ಶೇಷ 3. ಆದರೆ 27 ಮಕ್ಕಳನ್ನು ಆರಾರು ಮಂದಿಯಂತೆ ಆಟೊದಲ್ಲಿ ಕರೆದೊಯ್ಯಲು 5 ಸಲ ಹೋಗಬೇಕು. 27 ಅಡಿ ಹಗ್ಗದಿಂದ ಆರಡಿಯ ತುಂಡುಗಳು 4 ಮಾತ್ರ ಸಿಗುತ್ತವೆ. 27 ಚಿಕ್ಕಿಯನ್ನು 6 ಮಂದಿಗೆ ಹಂಚಿದರೆ ತಲಾ 4 ಬಂದು, ಉಳಿದ ಮೂರನ್ನು ಮುರಿದು ಕೊಟ್ಟರೆ ತಲಾ ನಾಲ್ಕೂವರೆ ಆಗುತ್ತದೆ. ಲೆಕ್ಕ ಒಂದೇ, ಉತ್ತರ ಮೂರು. ಯಾವುದು ಸರಿ ಎಂಬುದನ್ನು ಸಂದರ್ಭವೇ ತೀರ್ಮಾನಿಸುತ್ತದೆ. ಇದರ ಮುಂದಿನ ಮೆಟ್ಟಿಲು ಮಕ್ಕಳಿಂದಲೇ ಲೆಕ್ಕ ಕಟ್ಟಿಸುವುದು. 12–8ಕ್ಕೆ ಮೂರು ಬೇರೆ ಬೇರೆ ಕತೆ ಹೇಳಬಲ್ಲ ಮಗುವಿಗೆ ಕಳೆಯುವಿಕೆ ಬಂದಿದೆ ಎಂದು ಧೈರ್ಯವಾಗಿ ಹೇಳಬಹುದು. ಅದನ್ನು ಹತ್ತು ಸಲ ತಪ್ಪಿಲ್ಲದೆ ಮಾಡಿದ ಮಗುವಿನ ವಿಷಯದಲ್ಲಿ ಹಾಗೆ ಹೇಳಲಾಗದು.

2021ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ನಿಪುಣ್ ಭಾರತ್ ಯೋಜನೆಯು ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವೂ ಅರ್ಥಸಹಿತ ಓದು ಮತ್ತು ಮೂಲ ಗಣಿತವನ್ನು ಸಾಧಿಸಬೇಕೆಂಬ ಗುರಿಯಿಟ್ಟಿದೆ. ಈ ಎರಡು ಗುರಿಗಳಿಗೆ ಎರಡು ವೇಳಾಪಟ್ಟಿ, ಎರಡು ಪುಸ್ತಕ, ಎರಡು ಪರೀಕ್ಷೆಗಳಿದ್ದರೂ, ಹೇಳಿಕೆ ಲೆಕ್ಕದಲ್ಲಿ ಅವು ಒಂದೇ ಕೌಶಲವಾಗಿ ಕೂಡುತ್ತವೆ. ಅದನ್ನು ಪಾಠದ ಮೊದಲಿಗೆ ತರಲು ಹೊಸ ಪಠ್ಯಪುಸ್ತಕವಾಗಲಿ ಹೊಸ ಅನುದಾನವಾಗಲಿ ಬೇಕಿಲ್ಲ. ಇರುವ ಪಾಠದ ಕೊನೆಯ ಅಭ್ಯಾಸದಿಂದ ಒಂದು ಲೆಕ್ಕವನ್ನು ಮೊದಲ ದಿನವೇ ಕತೆಯಾಗಿ ಹೇಳಿ, ಕ್ರಮ ಕಲಿಸುವ ಮುಂಚೆ ಮಕ್ಕಳು ಅದನ್ನು ಹೇಗೆ ಬಿಡಿಸುತ್ತಾರೆಂದು ಕಾದು ನೋಡುವ ತಾಳ್ಮೆಯಿದ್ದರೆ ಸಾಕು. ಕೂಡೋದಾ, ಕಳೆಯೋದಾ ಎಂಬ ಪ್ರಶ್ನೆ ಆಗಲೂ ಬರುತ್ತದೆ, ಬರಬೇಕು ಕೂಡ. ಅದನ್ನು ಮಗು ಶಿಕ್ಷಕರನ್ನು ಕೇಳುವ ಬದಲು ಲೆಕ್ಕವನ್ನೇ ಕೇಳುವಂತಾದರೆ ಗಣಿತ ಬೋಧನೆ ತನ್ನ ಕೆಲಸ ಮಾಡಿದಂತೆ.